ಮೂರು ಸಲ ಕೂಗುವ ನಿಯಮ

ಬೇಸಿಗೆ ರಜೆ ಮುಗಿದು ಕೋರ್ಟು ತೆರೆದ ವಾರವೇ ಆ ಕರಡು ನಂಜನಗೂಡಿಗೆ ಬಂತು. ಸಿವಿಲ್ ಕೋರ್ಟುಗಳು ದಿನದಿನ ಹೇಗೆ ನಡೆಯಬೇಕು ಎಂದು ಹೇಳುವ ಹಳೆಯ ನಿಯಮಗಳನ್ನು ತಿದ್ದಿ ಹೊಸದಾಗಿ ಬರೆಯುತ್ತಿದ್ದಾರೆ, ತಾಲ್ಲೂಕು ಕೋರ್ಟುಗಳು ಓದಿ ಅಭಿಪ್ರಾಯ ಕಳಿಸಬೇಕು ಎಂದು ಶಿರಸ್ತೇದಾರರು ಸಿಬ್ಬಂದಿಯನ್ನೆಲ್ಲ ಸೇರಿಸಿ ಹೇಳಿದರು. ನಾನು ಅಲ್ಲಿ ಜವಾನ. ನನ್ನ ಓದು ಏಳನೇ ಕ್ಲಾಸಿಗೆ ನಿಂತಿದೆ. ಕರಡನ್ನು ಜೆರಾಕ್ಸ್ ಮಾಡಿಸುವುದು, ಪುಟ ಹಿಂದುಮುಂದಾಗದಂತೆ ಜೋಡಿಸಿ ಪಿನ್ ಹೊಡೆಯುವುದು, ವಕೀಲರ ಸಂಘದ ಕೋಣೆಗೆ ತಲುಪಿಸುವುದು, ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದನ್ನು ವಾಪಸು ತರುವುದು, ಇಷ್ಟು ನನ್ನ ಪಾಲಿಗೆ ಬಂದ ಕೆಲಸ.

ದಾವಾ ಹೇಗೆ ದಾಖಲಿಸಬೇಕು, ನಕಲು ಯಾವಾಗ ಕೊಡಬೇಕು, ಸಮನ್ಸನ್ನು ಫೋನಿಗೆ ಕಳಿಸಬಹುದೇ, ಇಂಥವೇ ಅದರಲ್ಲಿ ತುಂಬಿದ್ದವು. ನನಗೆ ಸಂಬಂಧಿಸಿದ್ದು ಒಂದೇ ಪ್ಯಾರಾ. ಕೂಗುವುದರ ಬಗ್ಗೆ.

ಕೋರ್ಟು ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಒಂದು ಕೇಸಿನ ಸರದಿ ಬಂದಾಗ ಬೆಂಚ್ ಕ್ಲರ್ಕ್ ನಂಬರನ್ನೂ ಹೆಸರನ್ನೂ ಹೇಳುತ್ತಾರೆ. ವಕೀಲರಿದ್ದರೆ ಅವರು ಎದ್ದು ನಿಲ್ಲುತ್ತಾರೆ. ವಕೀಲರನ್ನು ಇನ್ನೂ ಇಟ್ಟುಕೊಳ್ಳದವರ ಹೆಸರನ್ನು ನಾನು ಹೊರಗೆ ಬಂದು ಮೂರು ಸಲ ಕೂಗುತ್ತೇನೆ. ಯಾರೂ ಬರದಿದ್ದರೆ ಒಳಗೆ ಹೋಗಿ ‘ಇಲ್ಲ’ ಎನ್ನುತ್ತೇನೆ. ನ್ಯಾಯಾಧೀಶರು ‘ಕೂಗಿಸಲಾಗಿ ಗೈರು’ ಎಂದು ಬರೆಯುತ್ತಾರೆ. ಪ್ರತಿವಾದಿಯ ಹೆಸರಿನ ಮುಂದೆ ಹಾಗೆ ಬರೆದ ಮೇಲೆ ಕೇಸು ಅವರಿಲ್ಲದೆಯೇ ಮುಂದೆ ಹೋಗುತ್ತದೆ. ಏಕಪಕ್ಷೀಯ ಎನ್ನುತ್ತಾರೆ ಅದಕ್ಕೆ. ಮನೆಯೂ ಹೋಗಬಹುದು, ಜಮೀನೂ ಹೋಗಬಹುದು. ನಾನು ಹೇಳಿದ ಆ ‘ಇಲ್ಲ’ ನಿಜವೋ ಸುಳ್ಳೋ ಎಂದು ಯಾರೂ ಹೊರಗೆ ಬಂದು ನೋಡುವುದಿಲ್ಲ.

ಹೊಸ ಕರಡಿನ ಪ್ರಕಾರ ಕೇಸಿನ ನಂಬರು ಪರದೆಯ ಮೇಲೆ ಬರಬೇಕು, ಕಕ್ಷಿದಾರರ ಮೊಬೈಲಿಗೆ ಸಂದೇಶ ಹೋಗಬೇಕು, ಜವಾನ ಕೋರ್ಟ್ ಹಾಲಿನ ಬಾಗಿಲಲ್ಲೇ ನಿಂತು ಮೂರು ಸಲ ಕೂಗಬೇಕು. ಮೆಟ್ಟಿಲಿಳಿದು ಅಂಗಳದಲ್ಲೆಲ್ಲ ಕೂಗಿಕೊಂಡು ಓಡಾಡುವುದು ನಿಲ್ಲಬೇಕು. ಪಕ್ಕದ ಹಾಲಿನಲ್ಲಿ ಸಾಕ್ಷಿ ನಡೆಯುವಾಗ ತೊಂದರೆಯಾಗುತ್ತದೆ ಎಂದು ಕಾರಣ ಕೊಟ್ಟಿದ್ದರು. ಕಾರಣ ಸುಳ್ಳಲ್ಲ. ನನ್ನ ಗಂಟಲು ಅಂಥದ್ದು.

ಆಗ ಟಿ. ನರಸೀಪುರದ ನ್ಯಾಯಾಧೀಶರಿಗೆ ವರ್ಗವಾಗಿ ಆ ಜಾಗ ಖಾಲಿ ಇತ್ತು. ನಮ್ಮ ನ್ಯಾಯಾಧೀಶರಾದ ಮೇಡಂ ವಾರದಲ್ಲಿ ಎರಡು ದಿನ ಅಲ್ಲಿಯ ಕೋರ್ಟನ್ನೂ ನಡೆಸಬೇಕಾಗಿತ್ತು. ಅಲ್ಲಿ ಜವಾನರು ಸಾಲದೆ ನನ್ನನ್ನೂ ಕರೆಸಿಕೊಳ್ಳುತ್ತಿದ್ದರು. ಅವರು ಕಾರಿನಲ್ಲಿ ಬರುತ್ತಿದ್ದರು, ನಾನು ಬೆಳಗಿನ ಬಸ್ಸಿನಲ್ಲಿ. ಅಭಿಪ್ರಾಯ ಬರೆಯುವ ಮೊದಲು ಹೊಸ ನಿಯಮವನ್ನು ಸ್ವಲ್ಪ ಕಾಲ ನಡೆಸಿ ನೋಡೋಣ, ನರಸೀಪುರದಲ್ಲೇ ನೋಡೋಣ ಎಂದು ಮೇಡಂ ನಿರ್ಧರಿಸಿದರು. ಅಲ್ಲಿಯ ವಕೀಲರನ್ನೂ ಸಿಬ್ಬಂದಿಯನ್ನೂ ಕೂರಿಸಿ ಸಭೆ ನಡೆಸಿದರು. ಅಲ್ಲಿಯ ವಕೀಲರ ಸಂಘದ ಕಾರ್ಯದರ್ಶಿಗಳಾಗಿದ್ದ ಹಿರಿಯ ವಕೀಲರು ನನ್ನನ್ನು ನೋಡಿ, “ಈ ಮನುಷ್ಯ ಇಲ್ಲಿ ಕೂಗಿದ್ರೆ ಹೊಳೆಯಾಚೆ ದೋಣಿ ನಿಲ್ತದೆ ಮೇಡಂ. ನಿಮ್ಮ ಪರದೆ ಯಾಕೆ?” ಎಂದರು. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು. ಅಂಥ ದಿನಗಳಲ್ಲಿ ನನಗೆ ಎದೆ ಉಬ್ಬುತ್ತಿತ್ತು. ಹೆಂಡತಿ ತೀರಿಹೋದ ಮೇಲೆ ನಂಜನಗೂಡಿನಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬನೇ ಇದ್ದೇನೆ. ಮಕ್ಕಳಾಗಲಿಲ್ಲ. ಹಗಲೆಲ್ಲ ಊರಿನವರ ಹೆಸರು ಕೂಗಿ ಸಂಜೆ ಬೀಗ ತೆಗೆದರೆ ಒಳಗೆ ಕರೆಯಲು ಯಾರೂ ಇಲ್ಲ. ಇದ್ದದ್ದು ಒಬ್ಬಳು ಅಕ್ಕ. ಅವಳನ್ನು ನಾನೇ ದೂರ ಇಟ್ಟಿದ್ದೆ.

ಪ್ರಯೋಗ ಶುರುವಾಯಿತು. ಮೊದಲು ಪರದೆಯೇ ಕೈಕೊಟ್ಟಿತು. ಕರೆಂಟು ಹೋದರೆ ಕಪ್ಪಾಗುತ್ತಿತ್ತು, ಬಂದ ಮೇಲೆ ಬೆಳಿಗ್ಗೆಯ ನಂಬರನ್ನೇ ಹಿಡಿದುಕೊಂಡು ನಿಲ್ಲುತ್ತಿತ್ತು. ಮೈಸೂರಿನಿಂದ ಬಂದ ರಿಪೇರಿಯವನು ಒಂದು ಸಣ್ಣ ಬ್ಯಾಟರಿ ಪೆಟ್ಟಿಗೆ ಸೇರಿಸಿದ ಮೇಲೆ ಸರಿಹೋಯಿತು. ಸಂದೇಶಗಳ ಕಥೆ ಬೇರೆ. ಹಳ್ಳಿಯವರ ಹೆಸರಿನ ಮುಂದೆ ಕೊಟ್ಟ ಫೋನ್ ನಂಬರು ಎಷ್ಟೋ ಸಲ ಮಗನದ್ದು, ಅಳಿಯನದ್ದು, ಇಲ್ಲವೇ ಸಮನ್ಸ್ ಓದಿ ಹೇಳಿದ ಅಂಗಡಿಯವನದ್ದು. ಮೇಡಂ ಇದನ್ನೆಲ್ಲ ತಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಕೂಗುವುದು ಮಾತ್ರ ನಿಯಮದಂತೆ ಬಾಗಿಲಲ್ಲೇ ನಡೆಯುತ್ತಿತ್ತು, ಕಾಗದದ ಮೇಲೆ. ನಿಜದಲ್ಲಿ ನಾನು ಕದ್ದು ಮುರಿಯುತ್ತಿದ್ದೆ. ನರಸೀಪುರದ ಕೋರ್ಟಿಗೆ ಉದ್ದ ಜಗಲಿ, ಅದರ ಮುಂದೆ ಅಂಗಳ, ಅಂಗಳದ ಕೊನೆಗೆ ಹೊಂಗೆ ಮರ. ಹೆಂಗಸರು, ವಯಸ್ಸಾದವರು ಜಗಲಿಯ ಬೆಂಚಿನಲ್ಲಿ ಕೂರಲು ಹಿಂಜರಿದು ಮರದ ಕೆಳಗೇ ಕೂರುತ್ತಾರೆ. ಬಾಗಿಲಲ್ಲಿ ನಿಂತು ಕೂಗಿದ್ದು ಅಲ್ಲಿಗೆ ಕೇಳಬೇಕಾದರೆ ಅಂಗಳದ ಕಡೆ ಮುಖ ಮಾಡಿ ಗಂಟಲು ಪೂರ್ತಿ ಬಿಡಬೇಕು. ಅದೂ ಸಾಲದು ಎನಿಸಿದರೆ ನಾನು ಎರಡನೇ ಕೂಗಿಗೆ ಮೆಟ್ಟಿಲಿಳಿದುಬಿಡುತ್ತಿದ್ದೆ. ಬೆಂಚ್ ಕ್ಲರ್ಕ್ ಕಣ್ಣು ಬಿಟ್ಟು ನೋಡುತ್ತಿದ್ದರು, ಅಷ್ಟೇ.

ಇನ್ನು ಅಕ್ಕನ ವಿಷಯ ಹೇಳಬೇಕು.

ನಮ್ಮೂರು ಬದನವಾಳಿನ ಪಕ್ಕ. ಅವ್ವ ಹೋದಾಗ ನಾನಿನ್ನೂ ಸಣ್ಣವನು. ಅಕ್ಕ ಬದನವಾಳಿಗೆ ನಡೆದು ಹೋಗಿ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲು ತೆಗೆದು ನನ್ನನ್ನು ಸಾಕಿದಳು. ಮದುವೆಯಾಗಿ ನರಸೀಪುರದ ಆಚೆಯ ಒಂದು ಹಳ್ಳಿಗೆ ಹೋದಳು. ಭಾವ ತೀರಿಕೊಂಡ ಮೇಲೆ ಅವಳ ಮೈದುನ, ಅವಳಿರುವ ಎರಡಂಕಣದ ಹೆಂಚಿನ ಮನೆ ತನ್ನ ಭಾಗಕ್ಕೆ ಬಂದದ್ದು, ಬಿಟ್ಟು ಹೋಗು ಎಂದು ಗಲಾಟೆ ತೆಗೆದ. ಅಕ್ಕನಿಗೂ ಮಕ್ಕಳಿಲ್ಲ. ಆ ಮನೆ ಬಿಟ್ಟರೆ ಅವಳಿಗೆ ಬೇರೆ ನೆಲೆ ಇಲ್ಲ. ಗಲಾಟೆ ಶುರುವಾದ ಹೊಸದರಲ್ಲಿ ಒಂದು ದಿನ ಅವರೆಕಾಯಿ ಚೀಲ ಹಿಡಿದು ನಂಜನಗೂಡಿನ ಕೋರ್ಟಿಗೇ ಬಂದಳು. ವಕೀಲರ ಮಧ್ಯೆ ನಿಂತಿದ್ದ ನನ್ನನ್ನು ‘ಕೂಸೇ’ ಎಂದು ಕರೆದಳು. ಮೀಸೆ ಬೆಳ್ಳಗಾದವನನ್ನು ಹಾಗೆ ಕರೆದದ್ದಕ್ಕೆ ಯಾರೋ ನಕ್ಕರು. ನಾನು ಅವಳನ್ನು ಗೇಟಿನ ಆಚೆ ಕರೆದುಕೊಂಡು ಹೋಗಿ, ಕೋರ್ಟಿನ ಹತ್ತಿರ ಬರಬೇಡ, ನಮ್ಮವರ ಕೇಸು ಎಂದು ಗೊತ್ತಾದರೆ ನನ್ನ ಕೆಲಸಕ್ಕೆ ಕುತ್ತು ಎಂದೆ. ಅದು ಅರ್ಧ ಸುಳ್ಳು. ನಂಟರ ಕೇಸು ಬಂದರೆ ಶಿರಸ್ತೇದಾರರಿಗೆ ಒಂದು ಮಾತು ಹೇಳಿದರೆ ಸಾಕು, ಆ ಕೇಸಿನ ದಿನ ಬೇರೆಯವರನ್ನು ಹಾಕುತ್ತಾರೆ. ಅವಳಿಗೆ ಅದೇನು ಗೊತ್ತು? ಸರಿ ಕಣಪ್ಪ ಎಂದು ಚೀಲ ನನ್ನ ಕೈಗೆ ಕೊಟ್ಟು ಹೋದಳು. ಮತ್ತೆ ಬರಲಿಲ್ಲ. ನಾನೂ ಹೋಗಲಿಲ್ಲ.

ಪ್ರಯೋಗ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ನರಸೀಪುರದಲ್ಲಿ ಅಂದಿನ ಕೇಸುಗಳ ಪಟ್ಟಿಯನ್ನು ಬೋರ್ಡಿಗೆ ಅಂಟಿಸುತ್ತಿದ್ದೆ. ಹೆಸರುಗಳನ್ನು ಮೊದಲೇ ಒಂದು ಸಲ ಓದಿಕೊಳ್ಳುವುದು ನನ್ನ ಅಭ್ಯಾಸ. ಕೂಗುವಾಗ ತಡವರಿಸಬಾರದು. ಕೆಳಗಿನ ಸಾಲುಗಳಲ್ಲಿ ‘ಚಿಕ್ಕತಾಯಮ್ಮ ಕೋಂ ಲೇಟ್ ಮಾದಯ್ಯ’ ಎಂದಿತ್ತು, ತೀರಿಹೋದ ಮಾದಯ್ಯನ ಹೆಂಡತಿ, ನಮ್ಮಕ್ಕ. ಮೈದುನ ಮನೆಯ ಸ್ವಾಧೀನಕ್ಕೆ ದಾವಾ ಹಾಕಿಬಿಟ್ಟಿದ್ದ. ಅಕ್ಕನಿಗೆ ಸಮನ್ಸ್ ಮುಟ್ಟಿತ್ತು, ಅಂದು ಮೊದಲ ವಾಯಿದೆ, ಅವಳು ಕೋರ್ಟಿಗೆ ಬರಬೇಕಾದ ದಿನ. ಮೈದುನನ ವಕೀಲರು ದೋಣಿಯ ಮಾತಾಡಿದ ಆ ಕಾರ್ಯದರ್ಶಿಗಳೇ.

ಅಕ್ಕನ ಹೆಸರನ್ನು ನಾನು ಒಂದು ಸಲವಾದರೂ ಬಾಯಲ್ಲಿ ಆಡಿದವನಲ್ಲ. ನಮ್ಮ ಕಡೆ ಹಿರಿಯಕ್ಕನ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಯಾರಾದರೂ ಕೇಳಿದರೂ ‘ನಮ್ಮಕ್ಕ’ ಎಂದೇ ಹೇಳುತ್ತಿದ್ದೆ. ಆಗಲೇ ಅಲ್ಲಿಯ ಶಿರಸ್ತೇದಾರರ ಹತ್ತಿರ ಹೋಗಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಂದು ಪ್ರಯೋಗ ನೋಡಲು ಮೈಸೂರಿನಿಂದ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಒಗೆದು ಇಸ್ತ್ರಿ ಮಾಡಿಸಿದ ಬಿಳಿ ಯೂನಿಫಾರಂ ಹಾಕಿಕೊಂಡು ಬಂದಿದ್ದೆ. ನನ್ನನ್ನು ಬಿಟ್ಟು ಇನ್ನೊಬ್ಬನನ್ನು ಬಾಗಿಲಿಗೆ ನಿಲ್ಲಿಸುವುದು ನನಗೆ ಬೇಕಿರಲಿಲ್ಲ.

ಅಧಿಕಾರಿಗಳು ಬಂದು ಮೇಡಂ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕೇಸುಗಳು ಒಂದೊಂದಾಗಿ ಹೋದವು. ಪರದೆ ಸರಿಯಾಗಿ ನಡೆಯಿತು. ಅಕ್ಕನ ನಂಬರು ಬಂದಾಗ ಬೆಂಚ್ ಕ್ಲರ್ಕ್ ಹೆಸರು ಹೇಳಿದರು. ನಾನು ಬಾಗಿಲಿಗೆ ಬಂದೆ.

ಅವಳು ಹೊಂಗೆ ಮರದ ಕೆಳಗೆ ಕೂತಿದ್ದಳು. ಕೋರ್ಟಿನ ಕಡೆ ಬೆನ್ನು ಹಾಕಿ, ತಲೆಯ ಮೇಲೆ ಸೆರಗು ಹೊದ್ದು. ಬೆನ್ನು ನೋಡಿದರೆ ನನಗೆ ಗೊತ್ತಾಗುತ್ತದೆ. ಆ ಬೆನ್ನಿನ ಮೇಲೆ ಬೆಳೆದವನು ನಾನು.

ಕೂಗಿದರೆ ಅವಳು ಎದ್ದು ಬರುತ್ತಾಳೆ. ಬಂದವಳು ಬಾಗಿಲಲ್ಲಿ ನಿಂತು ಎಲ್ಲರ ಎದುರಿಗೆ ‘ಕೂಸೇ’ ಎನ್ನುತ್ತಾಳೆ. ಮೇಡಂ ತಲೆಯೆತ್ತುತ್ತಾರೆ, ಮೈಸೂರಿನವರು ನೋಡುತ್ತಾರೆ, ಇವನ ಅಕ್ಕನ ಕೇಸಂತೆ, ಹೇಳದೆ ಮುಚ್ಚಿಟ್ಟಿದ್ದನಂತೆ ಎಂದಾಗುತ್ತದೆ. ಇದೆಲ್ಲ ನನ್ನ ತಲೆಯಲ್ಲಿ ಓಡಲು ಎಷ್ಟು ಹೊತ್ತು ಹಿಡಿಯಿತೋ ಕಾಣೆ. ನಾನು ಬಾಗಿಲಲ್ಲೇ ನಿಂತೆ. ಮುಖವನ್ನು ಅಂಗಳದ ಕಡೆ ತಿರುಗಿಸದೆ, ಜಗಲಿಯ ಗೋಡೆಯ ಕಡೆ ಇಟ್ಟುಕೊಂಡು, ಬೆಂಚಿನಲ್ಲಿ ಕೂತವರಿಗೆ ಕೇಳುವಷ್ಟು ಸ್ವರದಲ್ಲಿ ಅಕ್ಕನ ಹೆಸರು ಹೇಳಿದೆ. ಮೂರು ಸಲ ಹೇಳಿದೆ. ನಾಲಿಗೆ ಹೊರಳಲಿಲ್ಲ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಹೆಸರು ಸರಾಗವಾಗಿಯೇ ಬಂತು, ಸ್ವರವನ್ನು ನಾನು ಬೇಕೆಂದೇ ಇಳಿಸಿದ್ದೆ. ಅಂಗಳದಲ್ಲಿ ಅವಳ ಬೆನ್ನು ಅಲುಗಲಿಲ್ಲ.

ಒಳಗೆ ಹೋಗಿ “ಇಲ್ಲ ಮೇಡಂ” ಎಂದೆ.

ಮೇಡಂ ಬರೆದರು. ಮೈಸೂರಿನ ಅಧಿಕಾರಿಗಳು, ನೋಡಿ, ಬಾಗಿಲಲ್ಲೇ ಕೂಗಿದರೆ ಎಷ್ಟು ಅಚ್ಚುಕಟ್ಟು, ಗದ್ದಲವೇ ಇಲ್ಲ ಎಂದು ಮೆಚ್ಚಿದರು. ಕರಡು ನಿಯಮದ ಒಂದಕ್ಷರವನ್ನೂ ನಾನು ಮೀರಿರಲಿಲ್ಲ. ಪ್ರಯೋಗ ಶುರುವಾದ ಮೇಲೆ ಅದನ್ನು ಪೂರ್ತಿ ಪಾಲಿಸಿದ್ದು ಅದೇ ಮೊದಲು.

ಸಂಜೆ ಬಾಗಿಲುಗಳಿಗೆ ಬೀಗ ಹಾಕಿ ಹೊರಗೆ ಬಂದಾಗ ಅಂಗಳ ಖಾಲಿಯಾಗಿತ್ತು. ಅವಳು ಮಾತ್ರ ಅಲ್ಲೇ ಇದ್ದಳು. ನನ್ನನ್ನು ನೋಡಿ ಎದ್ದಳು, ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು ಹತ್ತಿರ ಬಂದಳು.

“ನನ್ನ ಎಸ್ರು ಕೂಗ್ನೇ ಇಲ್ವಲ್ಲ ಕೂಸೇ. ನಿಂಗೆ ತೊಂದ್ರೆ ಆಗ್ಬಾರ್ದು ಅಂತ ದೂರ್ದಲ್ಲೇ ಕೂತ್ಕಂಡಿದ್ದೆ. ನೀನು ಕೂಗುದ್ರೆ ಕೇಳ್ದೆ ಇರ್ತದಾ ಅಂತ.”

ಬೆಳಿಗ್ಗೆಯಿಂದ ಅವಳಿಗೆ ಎಲ್ಲರ ಹೆಸರೂ ಕೇಳಿತ್ತು. ಅವಳದ್ದೊಂದು ಬಿಟ್ಟು. ಇವತ್ತು ಕೇಸು ಜಾಸ್ತಿ ಇತ್ತು ಅಕ್ಕ, ನಿನ್ನದು ಮುಂದಕ್ಕೆ ಹೋಗಿದೆ, ಕಾಗದ ಬರುತ್ತದೆ, ನೀನು ಹೋಗು ಎಂದುಬಿಟ್ಟೆ. ಅವಳು ನಂಬಿದಳು. ಬಸ್ ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ಹೋದೆ. ನಿಂಗೆ ಊಟ ಸರಿಯಾಗಿ ಆಗ್ತಾ ಇದ್ದದಾ, ಸೊರಗಿದ್ದೀಯ ಎಂದು ಕೇಳಿದಳು. ಅವಳ ಬಸ್ಸು ಹೋದ ಮೇಲೆ ನನ್ನ ಬಸ್ಸು ಬರುವವರೆಗೂ ನಾನು ಕೂರಲಿಲ್ಲ. ಕೂರಲು ಆಗಲಿಲ್ಲ.

ಅಲ್ಲಿಂದ ಮುಂದೆ ವಾರಗಳು ಕಳೆದವು. ಕೋಣೆಗೆ ಬಂದು ಅನ್ನ ಇಟ್ಟು ಮರೆತು ಸೀಯಿಸುತ್ತಿದ್ದೆ. ಸಂಜೆ ಕಪಿಲೆಯ ಮೆಟ್ಟಿಲಿಗೆ ಹೋಗಿ ಕೂತರೆ ಯಾರ ಮುಖ ನೋಡಲೂ ಮನಸ್ಸಾಗದೆ ಎದ್ದು ಬರುತ್ತಿದ್ದೆ. ಆದೇಶದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ಆ ಕಡತವನ್ನು ಬೀರುವಿನಲ್ಲಿ ಇಟ್ಟವನೂ ನಾನೇ. ‘ಪ್ರತಿವಾದಿಯನ್ನು ಕೂಗಿಸಲಾಗಿ ಗೈರು. ಏಕಪಕ್ಷೀಯ. ವಾದಿಯ ಸಾಕ್ಷ್ಯಕ್ಕೆ.’ ಮೈದುನ ಬಂದು ಸಾಕ್ಷಿ ಹೇಳುತ್ತಾನೆ, ಪ್ರಶ್ನೆ ಕೇಳಲು ಯಾರೂ ಇರುವುದಿಲ್ಲ, ಮನೆ ಅವನದೆಂದು ಡಿಕ್ರಿ ಆಗುತ್ತದೆ. ಅಕ್ಕ ಬಾರದ ಕಾಗದಕ್ಕೆ ಕಾಯುತ್ತ ಕೂತಿರುತ್ತಾಳೆ.

ಅಷ್ಟರಲ್ಲಿ ಅಭಿಪ್ರಾಯ ಕಳಿಸುವ ಸಮಯ ಬಂತು. ನಂಜನಗೂಡಿನ ಕಚೇರಿಯಲ್ಲಿ ಶಿರಸ್ತೇದಾರರು ತಾವು ಟೈಪ್ ಮಾಡಿಸಿದ್ದನ್ನು ನಮಗೆ ಓದಿ ಹೇಳಿದರು. ಪರದೆಯ ಬಗ್ಗೆ, ಬ್ಯಾಟರಿಯ ಬಗ್ಗೆ, ಫೋನ್ ನಂಬರಿನ ಬಗ್ಗೆ ಎಲ್ಲ ಸರಿಯಾಗಿ ಬರೆದಿದ್ದರು. ಕೂಗುವ ಪ್ಯಾರಾಕ್ಕೆ ಬಂದಾಗ, ಬಾಗಿಲಲ್ಲೇ ನಿಂತು ಕೂಗಿದ್ದರಿಂದ ಪ್ರಯೋಗದ ಅವಧಿಯಲ್ಲಿ ಯಾವ ಕಕ್ಷಿದಾರರಿಗೂ ತೊಂದರೆಯಾದದ್ದು ಕಂಡುಬಂದಿಲ್ಲ ಎಂದಿತ್ತು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಕೂಗಿದವನು ನೀನು. ಸರಿ ತಾನೇ ಇದು?”

“ಸರಿ ಸಾ” ಎಂದೆ.

ಮೇಡಂ ಸಹಿಗೆ ಅದನ್ನು ಒಯ್ಯಬೇಕಾದವನೂ ನಾನೇ. ಚೇಂಬರಿನ ಬಾಗಿಲ ಹತ್ತಿರ ನಿಂತಾಗ ಕೈಯಲ್ಲಿದ್ದ ಹಾಳೆಗಳು ಭಾರವೆನಿಸಿದವು ಎಂದೆಲ್ಲ ನಾನು ಬರೆಯುವುದಿಲ್ಲ. ನನಗೆ ಆಗ ಅನಿಸಿದ್ದು ಇಷ್ಟೇ: ಅಕ್ಕನಿಗೆ ಮಾಡಿದ್ದು ಅಕ್ಕನೊಬ್ಬಳಿಗೆ. ಈ ಸಾಲು ಹೋಗಿ ನಿಯಮದ ಪುಸ್ತಕದಲ್ಲಿ ಕೂತರೆ ಮರದ ಕೆಳಗೆ ಕೂರುವ ಎಲ್ಲರಿಗೂ ಮಾಡಿದ ಹಾಗೆ. ಒಳಗೆ ಹೋಗಿ ಹಾಳೆಗಳನ್ನು ಮೇಜಿನ ಮೇಲಿಟ್ಟೆ, ಹೊರಗೆ ಬರಲಿಲ್ಲ. ಮೇಡಂ ಏನು ಎನ್ನುವಂತೆ ನೋಡಿದರು. ಕೂಗುವ ಪ್ಯಾರಾದ ಕೊನೆಯ ಸಾಲು ಸುಳ್ಳು ಮೇಡಂ ಎಂದೆ. ಒಬ್ಬರಿಗೆ ತೊಂದರೆಯಾಗಿದೆ, ನರಸೀಪುರದ ಕೇಸು, ಅವರು ನಮ್ಮಕ್ಕ ಎಂದು ಹೇಳಿ, ಅವತ್ತು ನಾನು ಎಂದು ಮುಂದುವರಿಸುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು.

“ಸಾಕು. ಆ ಕೇಸು ನನ್ನ ಮುಂದಿದೆ. ಇನ್ನೊಂದು ಕಡೆಯವರು ಇಲ್ಲದೆ ನಾನಿದನ್ನು ಕೇಳುವ ಹಾಗಿಲ್ಲ. ನಿಮ್ಮ ಅಕ್ಕ ಅರ್ಜಿ ಹಾಕಲಿ, ನೀವು ನಡೆದದ್ದನ್ನು ಬರೆದು ಪ್ರಮಾಣಪತ್ರ ಕೊಡಿ. ಏನಿದೆಯೋ ಅದನ್ನು ಎಲ್ಲರೆದುರಿಗೆ ಹೇಳಿ.”

ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡು, “ಸಂಬಂಧ ಮುಚ್ಚಿಟ್ಟದ್ದಕ್ಕೆ ಮೆಮೊ ಕೊಡಬೇಕಾಗುತ್ತದೆ. ಅದನ್ನು ತಿಳಿದುಕೊಂಡೇ ಮಾಡಿ” ಎಂದರು. ಅಭಿಪ್ರಾಯದ ಹಾಳೆಗಳಿಗೆ ಸಹಿ ಹಾಕದೆ ಡ್ರಾಯರಿನಲ್ಲಿ ಇಟ್ಟುಕೊಂಡರು.

ಆ ಭಾನುವಾರ ಅಕ್ಕನ ಊರಿಗೆ ಹೋದೆ. ಮೈದುನ ಅಷ್ಟರಲ್ಲಿ ಊರೆಲ್ಲ ಹೇಳಿಕೊಂಡು ತಿರುಗಿದ್ದ, ಕೋರ್ಟಿನಲ್ಲಿ ಅತ್ತಿಗೆ ಬರಲೇ ಇಲ್ಲ ಎಂದು ಬರೆದಾಯಿತು, ಮನೆ ತನ್ನದೇ ಎಂದು. ಅಕ್ಕ ನಂಬಿರಲಿಲ್ಲ. ನನ್ನ ತಮ್ಮ ಅಲ್ಲೇ ಇದ್ದ, ಅವನೇ ಹೇಳಿದ ಮುಂದಕ್ಕೆ ಹೋಗಿದೆ ಎಂದು, ಎಂದು ಜಗಳವಾಡಿದ್ದಳಂತೆ. ಒಲೆಯ ಮುಂದೆ ಕೂತು ಇದನ್ನು ಹೇಳಿದಳು. ನಾನು ನೆಲ ನೋಡುತ್ತ, ಮೈದುನ ಹೇಳಿದ್ದೇ ನಿಜ ಅಕ್ಕ, ಅವತ್ತು ನಾನು ಮೆಲ್ಲಗೆ ಕೂಗಿದೆ, ಅಂಗಳಕ್ಕೆ ಇಳಿಯಲಿಲ್ಲ, ಹೊಸ ನಿಯಮ ಹಾಗಿತ್ತು, ಆಮೇಲೆ ನಿನಗೆ ಹೇಳಲು ಭಯವಾಯಿತು ಎಂದೆ. ಅವಳು ಒಲೆಯ ಸೌದೆಯನ್ನು ಒಳಗೆ ತಳ್ಳಿದಳು. ಆಮೇಲೆ, “ಗಂಟ್ಲು ಕೆಟ್ಟಿತ್ತೇನೋ ಬುಡು. ನೀನು ಬೇಕೂಂತ ಮಾಡೀಯಾ?” ಎಂದಳು.

ಅಲ್ಲಿಯೇ ಪೂರ್ತಿ ಹೇಳಬೇಕಿತ್ತು. ಹೇಳಲಿಲ್ಲ. ಅವಳು ತಟ್ಟೆಗೆ ಮುದ್ದೆ ಹಾಕಿದಳು, ನಾನು ಉಂಡೆ.

ತಾಲ್ಲೂಕಿನ ಕಾನೂನು ನೆರವಿನಿಂದ ಅಕ್ಕನಿಗೆ ಒಬ್ಬರು ವಕೀಲೆಯನ್ನು ಕೊಟ್ಟರು. ವಯಸ್ಸು ಚಿಕ್ಕದು, ಮಾತು ನಿಧಾನ. ಏಕಪಕ್ಷೀಯ ಆದೇಶ ರದ್ದು ಮಾಡಿ ಎಂದು ಅರ್ಜಿ ಬರೆದರು, ನಾನು ಅಕ್ಕನಿಗೆ ಹೇಳಿದಷ್ಟನ್ನೇ ಅವರಿಗೂ ಹೇಳಿದೆ, ಅದನ್ನೇ ನನ್ನ ಪ್ರಮಾಣಪತ್ರದಲ್ಲಿ ಬರೆದರು. ಬಾಗಿಲಲ್ಲಿ ನಿಂತು ತಗ್ಗಿದ ಸ್ವರದಲ್ಲಿ ಕೂಗಿದೆ, ಅಂಗಳಕ್ಕೆ ಕೇಳಿರಲಾರದು. ಬರೆದ ಮೇಲೆ ಒಂದು ಸಲ ಕೇಳಿದರು, “ಇಷ್ಟೇನಾ? ಇನ್ನೇನಾದ್ರೂ ಇದ್ಯಾ?” ಇಷ್ಟೇ ಎಂದು ಸಹಿ ಮಾಡಿದೆ.

ಅರ್ಜಿ ವಿಚಾರಣೆಗೆ ಬಂದ ದಿನ ನಾನು ಯೂನಿಫಾರಂ ಹಾಕಿರಲಿಲ್ಲ. ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮೈದುನ ಅವಳಿಂದ ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಕಾರ್ಯದರ್ಶಿಗಳು, ಅಂದರೆ ಮೈದುನನ ವಕೀಲರು, ನನ್ನನ್ನು ಪ್ರಶ್ನಿಸಲು ಅನುಮತಿ ಕೇಳಿದರು. ಮೇಡಂ ಕೊಟ್ಟರು. ದಿನವೂ ಸಾಕ್ಷಿಗಳಿಗೆ ಪ್ರಮಾಣ ಬೋಧಿಸುವುದನ್ನು ಪಕ್ಕದಲ್ಲಿ ನಿಂತು ಕೇಳಿದವನು ಕಟಕಟೆಯೊಳಗೆ ನಿಂತು ಅದನ್ನೇ ಹೇಳಿದೆ.

ಅವರು ನನ್ನನ್ನು ಬೈಯಲಿಲ್ಲ, ಗದರಲಿಲ್ಲ. ಸಲೀಸಾಗಿ ಕೇಳುತ್ತ ಹೋದರು. ಆಗ ಪ್ರಯೋಗದಲ್ಲಿದ್ದ ನಿಯಮದಂತೆ ಬಾಗಿಲಲ್ಲಿ ನಿಂತೇ ಕೂಗಬೇಕ? ಹೌದು. ನೀವು ಹಾಗೇ ಕೂಗಿದಿರಿ? ಹೌದು. ಮೂರು ಸಲ? ಹೌದು. ಪ್ರತಿವಾದಿ ನಿಮ್ಮ ಒಡಹುಟ್ಟಿದ ಅಕ್ಕ? ಹೌದು. ಅಕ್ಕನಿಗೆ ಸಹಾಯ ಆಗಲಿ ಅಂತ ಈಗ ಬಂದಿದ್ದೀರಿ? ಉತ್ತರಕ್ಕೆ ಕಾಯದೆ ಅವರು ಮೇಡಂ ಕಡೆ ತಿರುಗಿ, ಕೂಗಿನ ಮಾತು ಹಾಗಿರಲಿ, ಅವತ್ತು ಈ ಹೆಂಗಸು ಕೋರ್ಟಿಗೆ ಬಂದಿದ್ದರು ಅನ್ನುವುದಕ್ಕೇ ಆಕೆಯ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ, ಬಾರದವರಿಗೆ ಎಷ್ಟು ಜೋರಾಗಿ ಕೂಗಿದರೇನು ಎಂದರು. ಅಕ್ಕನ ವಕೀಲೆ ಎದ್ದರು, ಏನೋ ಹೇಳಲು ಹೋಗಿ ಕೂತರು. ಅದಕ್ಕೆ ಬೇಕಾದ ಉತ್ತರವನ್ನು ನಾನು ಅವರಿಗೆ ಕೊಟ್ಟಿರಲಿಲ್ಲ.

ಕೋರ್ಟಿನಲ್ಲಿ ಇಷ್ಟು ವರ್ಷ ನಿಂತದ್ದಕ್ಕೆ ಅಷ್ಟು ನನಗೂ ಅರ್ಥವಾಯಿತು. ಮೆಲ್ಲಗೆ ಕೂಗಿದೆ ಎಂಬ ಅರ್ಧ ಸತ್ಯದಿಂದ ಮನೆ ಉಳಿಯುವುದಿಲ್ಲ. ಉಳಿದರ್ಧವನ್ನು ಹೇಳಬೇಕಾದರೆ ಹಿಂದಿನ ಬೆಂಚಿನಲ್ಲಿ ಕೂತವಳು ಕೇಳಿಸಿಕೊಳ್ಳುತ್ತಾಳೆ.

ವಕೀಲರು ಕೊನೆಯ ಪ್ರಶ್ನೆ ಎನ್ನುವ ಹಾಗೆ ಹಗುರಾಗಿ ಕೇಳಿದರು. “ಅವತ್ತು ಅವರನ್ನ ಕೋರ್ಟಿನ ಆವರಣದಲ್ಲಿ ನೀವೇನೂ ನೋಡ್ಲಿಲ್ಲ, ಅಲ್ವಾ?”

“ನೋಡಿದೆ” ಎಂದೆ.

ಅವರು ಕಾಗದ ಕೆಳಗಿಟ್ಟರು. “ಯಾವಾಗ?”

“ಕೂಗೋಕೆ ಬಾಗಿಲಿಗೆ ಬಂದಾಗ. ಹೊಂಗೆ ಮರದ ಕೆಳಗೆ ಕೂತಿದ್ರು. ಬೆನ್ನು ಈ ಕಡೆ ಇತ್ತು.”

“ನೋಡಿಯೂ ಒಳಗೆ ಬಂದು ಇಲ್ಲ ಅಂದ್ರಾ?”

“ಅಂದೆ ಸಾ. ಅವ್ರಿಗೆ ಕೇಳಬಾರ್ದು ಅಂತಲೇ ಗೋಡೆ ಕಡೆ ತಿರುಗಿ ಹೇಳಿದೆ. ಬಂದ್ರೆ ನಮ್ಮಕ್ಕ ಅಂತ ನಿಮ್ಮೆಲ್ರಿಗೂ ಗೊತ್ತಾಗ್ತದೆ ಅಂತ.”

ಮೇಡಂ ನಾನು ಹೇಳಿದ್ದನ್ನು ಬೆರಳಚ್ಚುಗಾರರಿಗೆ ಒಂದೊಂದೇ ವಾಕ್ಯವಾಗಿ ಹೇಳಿ ಬರೆಸಿದರು. ನಾನು ಹಿಂದಿನ ಬೆಂಚಿನ ಕಡೆ ನೋಡಲಿಲ್ಲ. ಕಟಕಟೆಯಿಂದ ಇಳಿದು ಹೊರಗೆ ಬರುವಾಗ ನೋಡಲೇಬೇಕಾಯಿತು. ಅಕ್ಕ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಅವುಗಳನ್ನೇ ನೋಡುತ್ತಿದ್ದಳು. ವಕೀಲರು ನನ್ನ ಪಕ್ಕದಲ್ಲೇ ಹಾದು ಹೋದರು. ಅವರು ಒಂದು ಗೇಲಿಯ ಮಾತಾಡಿದ್ದರೆ ಚೆನ್ನಾಗಿತ್ತು ಎನಿಸಿತು.

ಮುಂದಿನ ವಾರ ಆದೇಶವಾಯಿತು. ಏಕಪಕ್ಷೀಯ ರದ್ದಾಯಿತು, ಪ್ರತಿವಾದಿ ತನ್ನ ಹೇಳಿಕೆ ಸಲ್ಲಿಸಲು ಅವಕಾಶ ಸಿಕ್ಕಿತು. ಮನೆ ಉಳಿಯಿತು ಎಂದಲ್ಲ. ಉಳಿಸಿಕೊಳ್ಳಲು ಹೋರಾಡಬಹುದು ಎಂದಾಯಿತು. ಅಂದು ಅಕ್ಕ ಆದೇಶ ಕೇಳಿ ವಕೀಲೆಗೆ ಕೈಮುಗಿದು ಬಸ್ ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆ ಹೋದೆ. ಬಸ್ಸು ಬಂದಾಗ ಹತ್ತಿ ಕಿಟಕಿಯ ಪಕ್ಕ ಕೂತಳು. ಕಿಟಕಿಯ ಕೆಳಗೆ ನಿಂತು “ಅಕ್ಕ” ಎಂದೆ. ಅವಳಿಗೆ ಕೇಳಿತು ಎಂದು ನನಗೆ ಗೊತ್ತು. ಬಸ್ಸು ಹೊರಡುವವರೆಗೂ ಅವಳು ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದಳು.

ಮೆಮೊ ಬಂತು, ಉತ್ತರ ಕೊಟ್ಟೆ, ಏನನ್ನೂ ಮುಚ್ಚಲಿಲ್ಲ. ಒಂದು ವೇತನ ಬಡ್ತಿಯನ್ನು ತಡೆಹಿಡಿದು ನನ್ನನ್ನು ನಂಜನಗೂಡಿನ ರೆಕಾರ್ಡ್ ರೂಮಿಗೆ ಹಾಕಿದರು. ಅಲ್ಲಿ ಮುಗಿದ ಕೇಸುಗಳ ಕಟ್ಟುಗಳಿವೆ, ಇಲಿ ಬರದಂತೆ ನೋಡಿಕೊಳ್ಳಬೇಕು, ಕೇಳಿದಾಗ ಹುಡುಕಿ ಕೊಡಬೇಕು. ಯಾರನ್ನೂ ಕೂಗುವ ಕೆಲಸವಿಲ್ಲ. ಎಷ್ಟೋ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಸ್ವರವೇ ನನಗೆ ಕೇಳಿಸುವುದಿಲ್ಲ.

ಕರಡಿನ ಮೇಲಿನ ಅಭಿಪ್ರಾಯವನ್ನು ಮೇಡಂ ತಾವೇ ಕೂತು ಮತ್ತೆ ಬರೆದರು. ಅದನ್ನೂ ನಾನೇ ಜೆರಾಕ್ಸ್ ಮಾಡಿಸಿದೆ, ಆದ್ದರಿಂದ ಓದಿದೆ. ‘ತೊಂದರೆಯಾದದ್ದು ಕಂಡುಬಂದಿಲ್ಲ’ ಎಂಬ ಸಾಲು ತೆಗೆದಿದ್ದರು. ವಕೀಲರಿಲ್ಲದ ಕಕ್ಷಿದಾರರನ್ನು ಮೊದಲ ವಾಯಿದೆಯಂದು ಗೈರು ಎಂದು ಬರೆಯುವ ಮೊದಲು ಅಂದಿನ ಕಲಾಪದ ಕೊನೆಯಲ್ಲಿ ಇನ್ನೊಮ್ಮೆ, ಆವರಣದಲ್ಲಿ, ಬೇರೊಬ್ಬ ಸಿಬ್ಬಂದಿಯಿಂದ ಕೂಗಿಸಬೇಕು ಎಂದು ಸೇರಿಸಿದ್ದರು. ಯಾವ ಕಾರಣಕ್ಕೆ ಎಂದು ಬರೆದಿರಲಿಲ್ಲ. ಅದು ಬೆಂಗಳೂರಿಗೆ ಹೋಗಿದೆ. ಹೊಸ ನಿಯಮಗಳು ಇನ್ನೂ ಬಂದಿಲ್ಲ, ಬಂದಾಗ ಅದು ಅವುಗಳಲ್ಲಿ ಇರುತ್ತದೋ ಇಲ್ಲವೋ.

ಸುಗ್ಗಿ ಕಳೆದ ಮೇಲೆ ಒಂದು ಭಾನುವಾರ ಧೈರ್ಯ ಮಾಡಿ ಅಕ್ಕನ ಊರಿಗೆ ಹೋದೆ. ಅವಳು ಹೊರಗಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಕೇಸು ನಡೆಯುತ್ತಿರುವ ಮನೆಗೆ ಸುಣ್ಣ ಯಾಕೆ ಎಂದು ಮೈದುನನ ಹೆಂಡತಿ ಆ ಕಡೆಯ ಜಗಲಿಯಿಂದ ಚುಚ್ಚುತ್ತಿದ್ದಳು. ಅಕ್ಕ ಕಿವಿಗೆ ಹಾಕಿಕೊಳ್ಳದೆ ಬಳಿಯುತ್ತಿದ್ದಳು. ನನ್ನನ್ನು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಸುಣ್ಣದ ಬಕೆಟ್ಟು ಖಾಲಿಯಾದಾಗ ನಾನು ತೆಗೆದುಕೊಂಡು ಹೋಗಿ ನೀರು ಬೆರೆಸಿ ತಂದಿಟ್ಟೆ. ಎತ್ತರದ ಜಾಗ ಅವಳ ಕೈಗೆ ಎಟುಕಲಿಲ್ಲ, ಕುಂಚ ನನ್ನ ಕಡೆ ಚಾಚಿದಳು. ಹೊತ್ತಿಳಿಯುವವರೆಗೆ ಇಬ್ಬರೂ ಬಳಿದೆವು. ಊಟಕ್ಕೆ ಹಾಕಿದಳು, ತಾನು ಆಮೇಲೆ ಉಂಡಳು.

ನಾನು ಹೊರಟು ನಿಂತಾಗ ಮೊದಲ ಸಲ ಮುಖ ನೋಡಿ ಮಾತಾಡಿದಳು.

“ಅವತ್ತು ಕೋರ್ಟಲ್ಲಿ ಎಲ್ರ ಮುಂದ್ಲೂ ಹೇಳ್ದಲ್ಲ, ಅದ್ನ ಈ ಒಲೆ ಮುಂದೆ ಯಾಕೆ ಹೇಳ್ನಿಲ್ಲ?”

ಅವಳು ಕಾದಳು. ಆಮೇಲೆ ಕೈಗೆ ಹತ್ತಿದ್ದ ಸುಣ್ಣವನ್ನು ಉಜ್ಜಿಕೊಳ್ಳುತ್ತ ಹೇಳಿದಳು.

“ವಾಯಿದೆಗೆಲ್ಲ ಬರ್ಬೇಡ. ಅವುಕ್ಕೆ ನಾನೊಬ್ಳೇ ಓಯ್ತೀನಿ, ಅಭ್ಯಾಸ ಆಗದೆ. ತೀರ್ಪು ಹೇಳೋ ದಿವ್ಸ ಬಾ. ರಜಾ ಹಾಕ್ಬುಟ್ಟು ಬಾ. ನನ್ನ ಪಕ್ಕ ಕೂತ್ಕಬೇಕು.”

ವಾದಿಯ ಸಾಕ್ಷಿ ಮುಗಿದಿದೆ, ಅಕ್ಕನ ಸಾಕ್ಷಿ ನಡೆಯುತ್ತಿದೆ ಎಂದು ನರಸೀಪುರದಿಂದ ಬರುವವರು ಹೇಳುತ್ತಾರೆ. ತೀರ್ಪಿಗೆ ಇನ್ನೂ ದಿನ ಬೇಕು. ರಜಾ ಅರ್ಜಿಯನ್ನು ನಾನು ಈಗಲೇ ಬರೆದು ರೆಕಾರ್ಡ್ ರೂಮಿನ ಮೇಜಿನಲ್ಲಿ ಇಟ್ಟಿದ್ದೇನೆ. ಕಾರಣ ಎಂದಿರುವಲ್ಲಿ ‘ನನ್ನ ಅಕ್ಕನ ಕೇಸಿಗೆ’ ಎಂದು ಬರೆದಿದ್ದೇನೆ. ತಾರೀಖು ಹಾಕಿಲ್ಲ.